ಟಿಫನ್‌ಳ ಶತಪದಿ

ಫೆಬ್ರವರಿ 3, ಸೋಮವಾರ

ಮತ್ತೆ ಎಣಿಸಿದೆ. ಇಪ್ಪತ್ತೊಂದು ಜೊತೆ ಕಾಲು. ಶತಪದಿ ಎಂದು ಹೆಸರಿಟ್ಟವನು ಎಣಿಸಿಯೇ ಇಲ್ಲ, ಸೀರಿಯಸ್ಲಿ. ಕಾಲಿನ ಜೊತೆಗಳು ಯಾವಾಗಲೂ ಬೆಸಸಂಖ್ಯೆ — ಹಾಗಾಗಿ ಸರಿಯಾಗಿ ನೂರು ಕಾಲಿರುವ ಶತಪದಿಯೇ ಇಲ್ಲ. ಈ ಫ್ಯಾಕ್ಟನ್ನು ಸೆಮಿನಾರ್‌ಗೆ ಎಂದು ಬಚ್ಚಿಟ್ಟುಕೊಂಡಿದ್ದೆ.

ಇವತ್ತು ಪ್ರಾಕ್ಟಿಕಲ್ಸ್‌ನಲ್ಲಿ ಟಿಫನ್ ಅದನ್ನೇ ಹೇಳಿಬಿಟ್ಟಳು. ಮ್ಯಾಮ್ ಮುಖ ಅರಳಿತು.

ಟಿಫನ್ ನನ್ನ ಬೆಂಚ್‌ಮೇಟ್. ಮೂರಂತಸ್ತಿನ ಊಟದ ಡಬ್ಬಿ ತರುತ್ತಾಳೆ, ಅಮ್ಮ ಕಟ್ಟಿಕೊಟ್ಟದ್ದು. ಹೆಸರು ನಾನಿಟ್ಟದ್ದು. ಪ್ರೀತಿಯಿಂದ ಅಲ್ಲ. ಅವಳಿಗೆ ಇಷ್ಟವಾಗಿ ತಾನೇ ಎಲ್ಲರಿಗೂ ಹೇಳಿಕೊಂಡು ಬಂದಳು! ಬೈದರೂ ಅಂಟುವುದಿಲ್ಲ ಇವಳಿಗೆ.

ಫೆಬ್ರವರಿ 5, ಬುಧವಾರ

ಡಿಪಾರ್ಟ್‌ಮೆಂಟಿನ ಪದ್ಧತಿ: ಫಸ್ಟ್ ಇಯರ್‌ನವರಿಗೆ ತಲೆಗೊಂದು ಜೀವ, ಗಾಜಿನ ಪೆಟ್ಟಿಗೆಯಲ್ಲಿ. ಟರ್ಮ್ ಪೂರ್ತಿ ನೋಡಿಕೊಂಡು ಕೊನೆಗೆ ಸೆಮಿನಾರ್. ಚೆನ್ನಾಗಿ ಮಾಡಿದವರಿಗೆ ರಜೆಯಲ್ಲಿ ಮ್ಯಾಮ್ ಲ್ಯಾಬ್‌ನಲ್ಲಿ ಕೆಲಸ, ಹಾಸ್ಟೆಲ್ ರೂಮ್ ಸಮೇತ. ಒಂದೇ ಸೀಟ್.

ಆ ಸೀಟ್ ನನಗೆ ಬೇಕು. ಬೇಕೇ ಬೇಕು. ಅಮ್ಮನ ಫೋನ್ ಬಂದಿತ್ತು. "ರಜೆಗೆ ಬಂದ್ರೆ ಎಲ್ ಮಲಗ್ತೀಯೇ? ನಿನ್ ರೂಮಲ್ಲಿ ಈಗ ಚಿಕ್ಕಪ್ಪ ಇದಾರೆ." ಕೋಪದಿಂದ ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ಐದನೇ ಕ್ಲಾಸಿನಿಂದ ಹಾಸ್ಟೆಲ್. ನನ್ನ ಜಾಗ ತುಂಬಿಹೋಗಿದೆ, ಅಷ್ಟೇ.

"ನೋಡ್ಕೋತೀನಿ" ಅಂದೆ. ಎರಡು ನಿಮಿಷದ ಕಾಲ್.

ಫೆಬ್ರವರಿ 12, ಬುಧವಾರ

ನನ್ನ ಶತಪದಿ ಒಂದು ಕಾಲು ಉದುರಿಸಿಕೊಂಡಿದೆ. ಪರವಾಗಿಲ್ಲ, ಪೊರೆ ಕಳಚಿದಾಗ ಮತ್ತೆ ಬೆಳೆಯುತ್ತದೆ. ಹಿಂದಿನ ಜೋಡಿ ಕಾಲುಗಳು ತಲೆಯ ಮೀಸೆಯಂತೆಯೇ ಕಾಣುತ್ತವೆ — ತಲೆ ಯಾವುದು, ಬಾಲ ಯಾವುದು ಅಂತ ಹಕ್ಕಿಗೂ ಗೊತ್ತಾಗಬಾರದು. ಇನ್ನೊಂದು: ವಿಷ ಹಲ್ಲಿನಲ್ಲಿಲ್ಲ, ಮೊದಲ ಜೋಡಿ ಕಾಲಲ್ಲಿ. ಆ ಕಾಲೇ ಕೊಂಡಿಯಾಗಿಬಿಟ್ಟಿದೆ.

ನಾನು ಇದನ್ನು ನೀಟಾಗಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ತಕ್ಷಣ ಟಿಫನ್, "ನಮ್ ಸೋದರತ್ತೆನೂ ಹೀಗೇ ಮ್ಯಾಮ್. ಮನೇಲಿ ಕಾಲಿಟ್ರೆ ಸಾಕು, ವಿಷ!" ಇಡೀ ಲ್ಯಾಬ್ ನಕ್ಕಿತು. ಅವಳ ಶತಪದಿಗೆ ಅಲ್ಲೇ ನಾಮಕರಣ — ಅತ್ತೆ.

ಫ್ಯಾಕ್ಟ್ ನನ್ನದು. ನಗು ಅವಳದು.

ಫೆಬ್ರವರಿ 14, ಶುಕ್ರವಾರ

ಅತ್ತೆ ಮೊಟ್ಟೆ ಇಟ್ಟಿದೆ. ಇಡಲೇಬೇಕಲ್ಲ, ಅವಳದ್ದೇ ಇಡಬೇಕು!

ಹಳದಿ, ಸಣ್ಣ ಸಾಬುದಾನಿಯಂಥವು. ತಾಯಿ ಸುತ್ತ ಸುರುಳಿ ಸುತ್ತಿಕೊಂಡಿದೆ. ಬೂಸ್ಟು ಹಿಡಿಯದಂತೆ ಒಂದೊಂದನ್ನೂ ನೆಕ್ಕುತ್ತದೆ. ಮರಿ ದೊಡ್ಡದಾಗುವವರೆಗೂ ಬೇಟೆಯಿಲ್ಲ, ಊಟವಿಲ್ಲ. ಮ್ಯಾಮ್ ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿದರು. "ಯಾರೂ ಮುಚ್ಚಳ ತೆಗೀಬೇಡಿ. ಗಾಬರಿಯಾದ್ರೆ ತನ್ನ ಮೊಟ್ಟೆ ತಾನೇ ತಿಂದ್ಬಿಡತ್ತೆ."

ಮುಗಿಯಿತು. ಸೀಟ್ ಅವಳಿಗೇ.

ಹೊರಡುವಾಗ ನನ್ನ ಕೈ ಹಿಡಿದುಕೊಂಡಳು. "ಲೇ, ನೀನು ಇಲ್ಲೇ ಇರ್ತೀಯಲ್ಲ, ಶನಿವಾರ ಭಾನುವಾರ ಮುಚ್ಚಳದ ತೂತಿಂದ ಸ್ವಲ್ಪ ನೀರು ಬಿಡ್ತೀಯಾ? ಒಣಗಿದ್ರೆ ಸತ್ತೋಗತ್ತೆ ಕಣೇ. ಬೇರೆ ಯಾರ್ ಮೇಲೂ ನಂಬಿಕೆ ಇಲ್ಲ ನಂಗೆ."

ಫೆಬ್ರವರಿ 15, ಶನಿವಾರ, ಬೆಳಿಗ್ಗೆ 11

ನೀರು ಬಿಟ್ಟೆ.

ಆಮೇಲೆ ಮುಚ್ಚಳ ತೆಗೆದೆ.

ಫೆಬ್ರವರಿ 16, ಭಾನುವಾರ

ಇವತ್ತೂ ತೆಗೆದೆ. ನಿನ್ನೆ ಮೊಬೈಲ್ ಟಾರ್ಚ್ ಹಾಕಿದ್ದೆ. ಇವತ್ತು ಊದಿದೆ, ಬ್ರಶ್‌ನಿಂದ ಮುಟ್ಟಿದೆ. ತಿನ್ನು ಅಂದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಅಂದೆ.

ತಿನ್ನಲಿಲ್ಲ. ಸುರುಳಿ ಇನ್ನೂ ಬಿಗಿಯಾಯಿತು. ಮೊಟ್ಟೆಗಳೇ ಕಾಣದಷ್ಟು. ಮುಚ್ಚಳ ಹಾಕಿದೆ. ಸಾಬುದಾನಿಯಷ್ಟಿರುವ ಮೊಟ್ಟೆಗಳ ಮೇಲೆ ಹೊಟ್ಟೆಕಿಚ್ಚು! ನಗು ಬರಬೇಕಿತ್ತು. ಬರಲಿಲ್ಲ...

ಫೆಬ್ರವರಿ 17, ಸೋಮವಾರ

ಟಿಫನ್ ಎರಡು ಡಬ್ಬಿ ತಂದಳು. "ಅತ್ತೇನ ನೋಡ್ಕೊಂಡ್ಯಲ್ಲ, ಅದಕ್ಕೆ ನಮ್ಮಮ್ಮ ನಿಂಗೂ ಕಟ್ಟಿದಾರೆ. ಬಿಟ್ರೆ ನನ್ನ ಬೈತಾರೆ, ಪೂರ್ತಿ ಖಾಲಿ ಮಾಡು."

ಖಾಲಿ ಮಾಡಿದೆ. ಮೂರಂತಸ್ತೂ.

ಮಾರ್ಚ್ 5, ಬುಧವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಮತ್ತೆ ಮುಚ್ಚಳ ಮುಟ್ಟಿಲ್ಲ. ನೀರು ಮಾತ್ರ.

ಇವತ್ತು ಬಟ್ಟೆ ಸರಿಸಿದರೆ ಮರಿಗಳು! ಬೆಳ್ಳಗೆ, ಹಾಲಿನ ಕೆನೆಯಂತೆ. ಹುಟ್ಟುವಾಗಲೇ ಅಷ್ಟೂ ಕಾಲು. ತಾಯಿ ಇನ್ನೂ ಸುತ್ತಿಕೊಂಡೇ ಇದೆ.

ಟಿಫನ್ ಕುಣಿದಳು. "ಒಂದ್ಸಲಾನೂ ಮುಚ್ಚಳ ತೆಗ್ದಿಲ್ಲ ಮ್ಯಾಮ್, ಅದಕ್ಕೇ ಉಳ್ಕೊಂಡ್ವು. ಸೆಮಿನಾರ್‌ನಲ್ಲಿ ಇದನ್ನೇ ಹೇಳ್ತೀನಿ. ಎಲ್ಲಾ ಇವಳಿಂದ." ಆಮೇಲೆ ಮೆಲ್ಲಗೆ, ನನಗೆ ಕೇಳಿಸದು ಅಂದುಕೊಂಡು, "ಸೀಟ್ ಇವಳಿಗೇ ಕೊಡಿ ಮ್ಯಾಮ್. ನಂಗೆ ಹೋಗೋಕೆ ಮನೆ ಇದೆ."

ದಾನ ಮಾಡುವಷ್ಟು ಇದೆ ಅವಳ ಹತ್ತಿರ. ಮೈಯೆಲ್ಲ ಉರಿಯಿತು. ಆ ಸೀಟಿಗಾಗಿಯೇ ಇಷ್ಟೆಲ್ಲ ಮಾಡಿದವಳು ನಾನು. ಈಗ ತಟ್ಟೆಯಲ್ಲಿಟ್ಟು ಕೊಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ. ಅವಳ ಕೈಯಿಂದ ಬೇಡ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಹೇಳಿದೆ. ಇಬ್ಬರ ಎದುರೂ.

"ಎರಡು ಸಲ ಮುಚ್ಚಳ ತೆಗ್ದೆ ಮ್ಯಾಮ್. ಟಾರ್ಚ್ ಹಾಕ್ದೆ, ಊದ್ದೆ, ಬ್ರಶ್‌ನಿಂದ ಚುಚ್ಚಿದೆ. ಆದ್ರೂ ತಿನ್ಲಿಲ್ಲ. ಅವಳು ಸೆಮಿನಾರ್‌ನಲ್ಲಿ ತಪ್ಪು ಹೇಳ್ತಾಳೆ."

ಮ್ಯಾಮ್ ಕನ್ನಡಕ ತೆಗೆದರು. "ಯಾಕೆ ತೆಗ್ದೆ?"

"ತಿನ್ಲಿ ಅಂತ."

ಆಮೇಲೆ ಮ್ಯಾಮ್ ಹೇಳಿದ್ದು ಇಷ್ಟೇ: "ಸೀಟ್ ಅವಳಿಗೆ. ಇನ್ಮೇಲೆ ಆ ಪೆಟ್ಟಿಗೆ ಹತ್ರ ನೀನೊಬ್ಳೇ ಹೋಗಕೂಡದು." ಬೈದಿದ್ದರೆ ಚೆನ್ನಾಗಿತ್ತು. ರಜೆಗೆ ಎಲ್ಲಿ ಹೋಗುವುದು, ಗೊತ್ತಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತೆ. ಟಿಫನ್ ಬಂದಳು. ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ಎರಡು ಮೆಟ್ಟಿಲು ಕೆಳಗೆ ಕೂತಳು, ಬೆನ್ನು ಹಾಕಿ.

"ಅದೇನ್ ಮಾಡಿತ್ತೇ ನಿಂಗೆ, ಪಾಪದ್ದು?"

"ಅದಲ್ಲ. ನೀನು."

"ನಾನೇನ್ ಮಾಡ್ದೆ?"

"ಏನೂ ಇಲ್ಲ. ಅದಕ್ಕೇ."

"ಈಗ್ಲೂ ಹೊಟ್ಟೆ ಉರಿಯತ್ತಾ?"

ಸುಳ್ಳು ಹೇಳಬಹುದಿತ್ತು. ಹೂಂ ಅಂದೆ.

ಎದ್ದು ಹೋಗಲಿಲ್ಲ. ಅಳುತ್ತಿದ್ದಳೋ ಏನೋ, ಮುಖ ಕಾಣುತ್ತಿರಲಿಲ್ಲ. "ಒಂದ್ ಮಾತ್ ಹೇಳ್ಲಾ? ಮೊದಲ್ನೇ ದಿನದಿಂದ ನಂಗೂ ನಿನ್ ಮೇಲೆ..." ಅಷ್ಟರಲ್ಲಿ ಬೆಲ್. ಎದ್ದು ಸೀದಾ ಒಳಗೆ ಹೋಗಿಬಿಟ್ಟಳು.

ನನ್ನ ಮೇಲೆ? ನನ್ನ ಹತ್ತಿರ ಅಂಥದ್ದು ಏನಿದೆ ಅಂತ —