ಬಲ ಪಕ್ಕೆ

ಭಾನುವಾರ, ಮಾರ್ಚ್ ೯

ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ಇವತ್ತು ಕುಂಗ್ ಫು ಆಯ್ಕೆಯ ಪಂದ್ಯದಲ್ಲಿ ಸೋತೆ. ಸೋತದ್ದು ಹಾಳಾಗಿಹೋಗಲಿ. ಎಡಗೈಯಲ್ಲಿ ಏಟು ತಡೆಯುವಾಗ ನನ್ನ ಬಲ ಮೊಣಕೈ ತುಸು ಮೇಲೇಳುತ್ತದೆ, ಪಕ್ಕೆ ಬಯಲಾಗುತ್ತದೆ. ಚಿಕ್ಕಂದಿನ ಚಾಳಿ. ಅದು ಗೊತ್ತಿದ್ದದ್ದು ಅಣ್ಣನೊಬ್ಬನಿಗೇ. ತಾರಸಿಯ ಮೇಲೆ ನನಗೆ ತಡೆ ಕಲಿಸಿದವನೇ ಅವನು. ಇವತ್ತು ಎದುರಾಳಿ ಹುಡುಗಿ ಮುಖಕ್ಕೆ ಹೊಡೆಯುವವಳಂತೆ ಕೈಯೆತ್ತಿದಳು. ನಾನು ತಡೆದೆ. ಅವಳ ಇನ್ನೊಂದು ಮುಷ್ಟಿ ನೇರ ಪಕ್ಕೆಗೆ ಬಿತ್ತು. ಮತ್ತೆ ಮತ್ತೆ ಅಲ್ಲಿಗೇ.

ಅವಳು ಅಣ್ಣನ ಹೊಸ ಶಿಷ್ಯೆ. "ಇಬ್ರೂ ನಮ್ಮವ್ರೇ, ನಾನು ಯಾರ ಕಡೆ ಕೂರ್ಲಿ?" ಎಂದು ಅವನು ಪಂದ್ಯಕ್ಕೇ ಬಂದಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಪರವಾಗಿ ನಾನೇ ವಾದಿಸಿಕೊಂಡು ಬಂದೆ. ಅವಳೇ ಕಂಡುಕೊಂಡಿರಬಹುದು, ಕಣ್ಣು ಚುರುಕಿರಬಹುದು ಅಂತ. ಎಂಥ ಪೆದ್ದಿ ನಾನು!

ನೋವು ನುಂಗಿಕೊಂಡು ನೆಟ್ಟಗೇ ನಡೆದು ಮನೆಯೊಳಗೆ ಬಂದೆ. ಅಣ್ಣ ಆಗಲೇ ಮುಲಾಮಿನ ಡಬ್ಬಿ ಹಿಡಿದು ಕಾದಿದ್ದ.

"ಕೂತ್ಕೋ ಪುಟ್ಟಿ, ಹಚ್ತೀನಿ."

ಎಲ್ಲಿ ನೋವು ಅಂತ ಕೇಳಲೇ ಇಲ್ಲ. ಅವನ ಕೈ ನೇರ ನನ್ನ ಬಲ ಪಕ್ಕೆಯತ್ತ ಬಂತು.

ನನ್ನ ಎಡಗೈ ತಾನಾಗಿಯೇ ಎದ್ದು ಅದನ್ನು ತಡೆಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬಲ ಮೊಣಕೈ ಮೇಲೇಳಲಿಲ್ಲ.