ಬೆಚ್ಚಗಿನ ಜಾಗ

ಸಿಯೋಲ್,
ಡಿಸೆಂಬರ್ ೧೯೭೪

ಉಲ್ಸಾನಿನಲ್ಲಿರುವ ನಿಮಗೆ,

ಒಂದು ಒಲೆ ಸಾಕು ಎಂದು ನೀವು ಬಸ್ ನಿಲ್ದಾಣದಲ್ಲಿ ಹೇಳಿದ್ದೋ, ಆಮೇಲೆ ಕಾಗದದಲ್ಲಿ ಬರೆದದ್ದೋ, ಸರಿಯಾಗಿ ನೆನಪಾಗುತ್ತಿಲ್ಲ. ನಿಮ್ಮ ಮಾತು ಮಾತ್ರ ಉಳಿದಿದೆ: "ಇಬ್ಬರು ಹೆಂಗಸರಿಗೆ ಎರಡು ಕೋಣೆ ಬೆಚ್ಚಗೆ ಇಡುವುದು ಯಾಕೆ? ಚಿಕ್ಕ ಕೋಣೆಯ ಒಲೆ ಆರಿಸಿ, ದೊಡ್ಡ ಕೋಣೆಯಲ್ಲೇ ಅಮ್ಮನೂ ನೀನೂ ಮಲಗಿ. ಗಾಳಿಕಿಂಡಿ ಮುಚ್ಚಿಟ್ಟರೆ ಕಲ್ಲಿದ್ದಲ ಬಿಲ್ಲೆ ನಿಧಾನವಾಗಿ ಉರಿಯುತ್ತದೆ. ಬಾಗಿಲ ಸಂದಿಗೆ ಕಾಗದ ಅಂಟಿಸು." ಎಲ್ಲವನ್ನೂ ಹಾಗೆಯೇ ಮಾಡಿದ್ದೇನೆ. ಈ ಗುಡ್ಡದ ಮನೆಗಳಲ್ಲಿ ಎಲ್ಲರೂ ಮಾಡುವುದೂ ಅದನ್ನೇ. ಖರ್ಚು ನಿಜಕ್ಕೂ ಇಳಿದಿದೆ. ಅದನ್ನು ಮೊದಲು ಹೇಳಿಬಿಡಬೇಕೆನಿಸಿತು.

ದೊಡ್ಡ ಕೋಣೆಯ ನೆಲ ಇನ್ನೂ ಹೊಳೆಯುತ್ತಿದೆ. ಕೆಲಸಕ್ಕೆ ಮತ್ತೆ ಉಲ್ಸಾನಿಗೆ ಹೊರಡುವ ಮುನ್ನ ನೀವೊಬ್ಬರೇ ಹಳೆಯ ನೆಲ ಕಿತ್ತು, ಒಲೆಯ ಬಿಸಿ ಹೊಗೆ ನೆಲದಡಿ ಹರಿದು ಕೋಣೆ ಕಾಯಿಸುವ ಕಾಲುವೆಗಳ ಮೇಲೆ ಕಲ್ಲು ಜೋಡಿಸಿ, ಸಿಮೆಂಟ್ ಬಳಿದು, ಎಣ್ಣೆಕಾಗದ ಅಂಟಿಸಿದಿರಿ. ಅರೆದ ಸೋಯಾಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಳಪು ಬರಲೆಂದು ಮೊಣಕಾಲೂರಿ ಉಜ್ಜಿದಿರಿ. ಕೆಲಸ ಮುಗಿಯುವವರೆಗೆ ನನ್ನನ್ನು ಒಳಗೆ ಬಿಡಲಿಲ್ಲ. ಅತ್ತೆಯವರು ಬಂದವರಿಗೆಲ್ಲ ಆ ನೆಲ ತೋರಿಸುತ್ತಾರೆ. "ಕಾಲೊರೆಸ್ಕೊಂಡು ಬನ್ರೇ, ಇದು ನನ್ನ ಮಗ ಹಾಸಿದ್ದು" ಎನ್ನುತ್ತಾರೆ.

ಒಲೆಯ ಕಡೆಯ ಬೆಚ್ಚಗಿನ ಜಾಗ ಮನೆಯ ಹಿರಿಯರದು. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಹೊರಡುವ ದಿನ ನೀವು ನನ್ನ ಹಾಸಿಗೆಯನ್ನು ಅಲ್ಲಿ ಬಿಡಿಸಿ, ನಿಮ್ಮ ತಾಯಿಯದನ್ನು ದೂರದ ಗೋಡೆಗೆ ಎಳೆದಿರಿ. "ಇವಳಿಗೆ ಸೊಂಟನೋವು, ಇಲ್ಲೇ ಮಲಗಲಿ" ಎಂದಿರಿ. ಅತ್ತೆಯವರು ನಕ್ಕರು. "ಓಹೋ, ಹೆಂಡತಿ ಮುದುಕಿಯಾದ ಮೇಲೆ ನಮ್ಮವನಿಗೆ ಪ್ರೀತಿ ಉಕ್ತಾ ಇದೆ ನೋಡು!" ಎಂದರು. ನಗು ಮುಖದಲ್ಲೇ ನಿಂತುಬಿಟ್ಟಿತ್ತು.

ನಮ್ಮಿಬ್ಬರ ನಡುವೆ ಮಾತು ಸತ್ತು ಬಹಳ ಕಾಲವಾಗಿತ್ತು. ಉಲ್ಸಾನಿನಲ್ಲಿ ನಿಮಗೆ ಅನ್ನ ಬಡಿಸುವವಳು ಯಾರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ನಿಮಗೂ ಗೊತ್ತಿತ್ತು. ಆದ್ದರಿಂದ ಆ ಹಾಸಿಗೆಯನ್ನು ಒಂದು ಬಗೆಯ ವಿದಾಯವೆಂದು ತೆಗೆದುಕೊಂಡೆ. ನಿಮ್ಮ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮನೆಗೆ ಬಂದು ಹಾಸಿಗೆಗಳನ್ನು ಅದಲುಬದಲು ಮಾಡಿದೆ. ಹಿರಿಯರನ್ನು ತಣ್ಣನೆಯ ಕಡೆ ಮಲಗಿಸಿ ನಾನು ಬೆಚ್ಚಗಿರುವುದು ನನ್ನಿಂದಾಗದ ಕೆಲಸ. ಇದನ್ನು ನಿಮಗೆ ಈವರೆಗೆ ತಿಳಿಸಿರಲಿಲ್ಲ.

ಚಳಿ ಬಿದ್ದಾಗಿನಿಂದ ಅತ್ತೆಯವರಿಗೆ ಬೆಳಿಗ್ಗೆ ಎದ್ದರೆ ತಲೆನೋವು, ವಾಕರಿಕೆ; ದೂರದ ಗೋಡೆಯ ಬಳಿ ಮಲಗುವ ನನಗೆ ಬರೀ ತಲೆ ಭಾರ. ವಯಸ್ಸು ಎಂದುಕೊಂಡೆವು. ಪಕ್ಕದ ಮನೆಯ ದೊಕ್ಸಿಲ್ ಮಾತ್ರ ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. "ವಯಸ್ಸಲ್ಲ ಕಣಕ್ಕಾ, ಬಿಲ್ಲೆಯ ವಿಷಗಾಳಿ ಇದು. ಹೋದ ಚಳೀಲಿ ಕೆಳಗಿನ ಬೀದೀಲಿ ಮಲಗಿದ್ದೋರು ಹಾಗೇ ಹೋಗಲಿಲ್ವಾ? ಒಲೇಲಿ ಒದ್ದೆ ಹುಲ್ಲು ಉರಿಸಿ ನೋಡು. ನೆಲದಲ್ಲಿ ಹೊಗೆ ಎಲ್ಲಿ ಏಳುತ್ತೋ ಅಲ್ಲೇ ಬಿರುಕು."

ಅತ್ತೆಯವರು ಸಿಡುಕಿದರು. "ಹೊಗೆ ಹಾಕ್ತೀರಾ? ನಾನೇನು ಬಿಲದೊಳಗಿರೋ ಇಲೀನಾ? ನನ್ನ ಮಗನ ಕೈಕೆಲಸದಲ್ಲಿ ಬಿರುಕು ಹುಡುಕ್ತಾಳಂತೆ, ನಿನ್ನ ಗಂಡ ಕಟ್ಟಿದ ಗೋಡೆ ನೋಡ್ಕೋ ಹೋಗೇ!" ಹುಲ್ಲು ಉರಿಸುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಈ ಬೆಳಿಗ್ಗೆ ಅತ್ತೆಯವರನ್ನು ಎಬ್ಬಿಸಿದರೆ ಏಳಲಿಲ್ಲ. ಕೆನ್ನೆ ಹಣ್ಣಿನಂತೆ ಕೆಂಪಾಗಿತ್ತು, ಚೆಲುವಾಗಿಯೇ ಕಾಣುತ್ತಿದ್ದರು. ದೊಕ್ಸಿಲ್ ಮತ್ತು ನಾನು ಅವರನ್ನು ಅಂಗಳದ ಹಿಮಕ್ಕೆ ಎಳೆದು ತಂದೆವು. ಹುದುಗಿಸಿದ ಮೂಲಂಗಿಯ ತಣ್ಣನೆಯ ಹುಳಿನೀರನ್ನು ತುಟಿಗೆ ಹಿಡಿದೆವು. ವಿಷಗಾಳಿ ಹಿಡಿದರೆ ಇಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ. ಬಹಳ ಹೊತ್ತಿನ ಮೇಲೆ ಕೆಮ್ಮಿದರು. ಈಗ ದೊಕ್ಸಿಲ್ ಮನೆಯಲ್ಲಿದ್ದಾರೆ. ಅವರಿಗೆ ನನ್ನ ಹೆಸರು ನೆನಪಾಗುತ್ತಿಲ್ಲ, ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದಾರೆ. ಕತ್ತಲಾಗುವ ಮುಂಚೆ ತಮ್ಮ ಜಾಗಕ್ಕೆ ಕರೆದೊಯ್ಯಿ ಎಂದು ಹಟ ಹಿಡಿದಿದ್ದಾರೆ.

ಒದ್ದೆ ಹುಲ್ಲು ತಂದಿಟ್ಟಿದ್ದೇನೆ. ನೀವು ಬರುವುದಾದರೆ ಬನ್ನಿ.

ಇಮ್‌ಸುನ್

ತಾ.ಕ.: ಹುಲ್ಲು ಉರಿಸಿದೆ. ಹೊಗೆ ಎದ್ದದ್ದು ಒಂದೇ ಕಡೆ, ಅತ್ತೆಯವರ ದಿಂಬಿನ ಕೆಳಗೆ. ಎಣ್ಣೆಕಾಗದ ಕಿತ್ತು ನೋಡಿದೆ. ಅಲ್ಲಿ ಮಾತ್ರ ಎರಡು ಪದರ ಅಂಟಿಸಿದ್ದೀರಿ. ಅಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು. ಅದರ ಉದ್ದಕ್ಕೂ ಸಿಮೆಂಟ್ ಚೀಲದ ಕಾಗದ ತುರುಕಿದ್ದೀರಿ, ಈಗ ಸುಟ್ಟು ಕರಿಯಾಗಿದೆ. ಉಳಿದ ಸಿಮೆಂಟ್ ಅರ್ಧ ಚೀಲ ಇನ್ನೂ ಹಿತ್ತಲಲ್ಲಿ ಕಲ್ಲಾಗಿ ಕೂತಿದೆ. ನನ್ನ ಹಾಸಿಗೆಯನ್ನು ಅಲ್ಲಿ ಬಿಡಿಸುವಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ನನ್ನ ಸೊಂಟನೋವೇ?