ಬಹರೇನಿನ ಕತ್ತೆಯ ಮೇವು

ಬಾಗಲಕೋಟೆ,
ತಾ. ೧೨-೮-೧೯೫೪

ಚಿ. ಅನಂತನಿಗೆ ಅಣ್ಣನ ಅನೇಕ ಆಶೀರ್ವಾದಗಳು.

ಮೊಟ್ಟಮೊದಲಿಗೆ, ಕಡಲಾಚೆಯ ನಿನ್ನ ಕಂಪನಿಯವರೆಲ್ಲ ಎದ್ದು ನಿಂತು ಕೇಳಬೇಕಾದ ಘೋಷಣೆ: ಎರಡು ವರ್ಷದಿಂದ ಅಟ್ಟದ ಮೇಲೆ ಬಿದ್ದಿದ್ದ ನನ್ನ ಛತ್ರಿಗೆ ಈ ಮನೆಯ ಯಜಮಾನತಿ, ನಿನ್ನ ವೈನಿಯವರು, ಹೊಸ ಅರಿವೆ ಹಾಕಿಸಿದ್ದಾರೆ. ಅಂದಿನಿಂದ ಮಳೆ ಬಂದಿಲ್ಲ. ನಿನ್ನ ಪ್ರಕೃತಿ ಹೇಗಿದೆ? ಅಲ್ಲಿಯ ಸೆಕೆಗೆ ಎದ್ದ ಬೆವರುಸಾಲೆ ಇಳಿಯಿತೇ?

ಬಹರೇನಿನಿಂದ ಬಂದ ನಿನ್ನ ಪತ್ರ ಓದಿ ಬೆರಗಾದೆ. ನೆಲ ಕೊರೆದರೆ ಎಣ್ಣೆಯಂತೆ, ಎಣ್ಣೆ ಮಾರಿದರೆ ರಸ್ತೆ, ಸಾಲಿ, ದವಾಖಾನೆಯಂತೆ. ಬಾವಿಯ ನೀರು ಉಪ್ಪಾಗಿ ಸವಳಾದ ಬೇವೂರಿನ ಹೊಲ ಇಟ್ಟುಕೊಂಡು ನಾವೇನು ಮಾಡುವುದು, ದೀಪಾವಳಿಗೆ ಬಂದು ಮಾರಿಬಿಡೋಣವಂತೆ. ಸರಿ. ಆದರೆ ಅದೇ ಪತ್ರದ ಹಿಂಬದಿಗೆ, ಉಳ್ಳಾಗಡ್ಡಿಯ ಹಡಗು ತಡವಾಗಿ ಊರಿಗೆ ಊರೇ ಬಂದರಿನಲ್ಲಿ ಕಾಯುತ್ತಿದೆ, ಜೋಳದ ಹಿಟ್ಟು ಕಳಿಸು ಎಂದೂ ಬರೆದಿದ್ದೀ. ಅಲ್ಲಪ್ಪಾ, ಅಷ್ಟು ಶ್ರೀಮಂತ ದೇಶಕ್ಕೆ ಉಳ್ಳಾಗಡ್ಡಿಯ ದಾರಿ ಕಾಯುವುದು ಯಾಕೆ ಬಂತು? ಎಣ್ಣೆ ತೀರಿದ ಮರುದಿನ ಅವರು ಏನು ಉಣ್ಣುತ್ತಾರೆ? ಅರ್ಥಶಾಸ್ತ್ರ ಓದಿದವನು ನೀನು. ನಾನು ಬರೀ ಭೂಗೋಳದ ಮಾಸ್ತರ, ಕೇಳುವುದಷ್ಟೇ ಗೊತ್ತು.

ಹೊಲ ಮಾರುವ ಸುದ್ದಿ ಹೇಳಲೆಂದು ರವಿವಾರ ಬೇವೂರಿಗೆ ಹೋದೆ. ನಮ್ಮ ಹೊಲವನ್ನು ಅಪ್ಪನ ಕಾಲದಿಂದ ಪಾಲಿಗೆ ಮಾಡುವ ಗುರಲಿಂಗಪ್ಪ ಕಂಬಳಿ ಹಾಸಿ ಕೂಡ್ರಿಸಿದ. ಹೊಲ ಮಾರುವ ಸಾಲು ಹಾರಿಸಿ ನಿನ್ನ ಪತ್ರವನ್ನೇ ಪುರಾಣದಂತೆ ಓದಿದೆ. ಎಣ್ಣೆಯ ಕಾರಂಜಿಗೆ ಅವನು ಹೂಂಗುಟ್ಟಿದ. ಅವನ ಹೆಂಡತಿ ಸತ್ಯವ್ವ ಮಾತ್ರ, ಖರ್ಜೂರದ ತೋಟದಿಂದ ಕತ್ತೆಗಳು ಹಸಿರು ಹೊರೆ ಹೊತ್ತು ಬರುವ ಸಾಲು ಓದುವಾಗ ನನ್ನನ್ನು ತಡೆದಳು.

“ಮಾಸ್ತರ, ಆ ಹಸರ ಏನ್ರಿ?”

“ಗಿಡದ ಬುಡಕ ಬೆಳದ ಮೇವು ಅಂತವ್ವಾ.”

“ಅಲ್ಲೀ ನೀರು ಸೀ ಅದಾವೇನ್ರಿ?”

“ಎಲ್ಲೀದು, ಅವೂ ಸವಳಂತ. ಬಾಯಾಗ ಇಡಾಕ ಬರೂದಿಲ್ಲಂತ.”

“ಹಂಗಾದ್ರ ಎಣ್ಣಿ ಸುದ್ದಿ ಬಿಡ್ರಿ. ಸವಳ ನೀರಾಗ ಮೇವ ಎಬ್ಬಿಸಿದಾಂವನ ಸುದ್ದಿ ಓದ್ರಿ.”

“ಇಕಿ ಇನ್ನ ಕುರಿ ಹೊಡಕೊಂಡು ಬಹರೇನಕ್ಕ ಹೊಂಟಳು ನೋಡ್ರಿ,” ಎಂದು ಗುರಲಿಂಗಪ್ಪ ನಕ್ಕ. ನಕ್ಕವನು ನೆಲ ನೋಡುತ್ತ, “ಹೊಲಾ ಕೊಡಾಕ ಹತ್ತೀರೇನ್ರಿ?” ಎಂದ. ನಾನು ಭಾಳ ಹೊತ್ತು ಕನ್ನಡಕ ಒರೆಸಿದೆ.

ವೈನಿ ಹಿಟ್ಟು ಬೀಸಿಸುತ್ತಿದ್ದಾಳೆ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯೂ ಬರುತ್ತದೆ. ಸೆಕೆಯಲ್ಲಿ ತಿರುಗಬೇಡ. ಮನೆಯವರೆಲ್ಲರೂ ನಿನ್ನನ್ನು ನೆನೆಯುತ್ತಾರೆ.

ನಿನ್ನ ಅಣ್ಣ,
ಪ್ರಾಣೇಶ

ತಾ.ಕ.: ಟಪಾಲಿನ ಹೊತ್ತಾಯಿತು. ಸದ್ಯ ನಾನು ಹೊಲ ಮಾರುವ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಗುರಲಿಂಗಪ್ಪ, ಸತ್ಯವ್ವ ಇಬ್ಬರೂ ಆಗಲೇ ಬಾವಿಯ ಪಕ್ಕ ಒಂದು ಮಡಿ ಹದಮಾಡಿ ಕೂತಿದ್ದಾರೆ. ಶುಕ್ರವಾರ ನಿನಗೆ ರಜೆಯಲ್ಲವೇ? ಟೈ ಬಿಚ್ಚಿಟ್ಟು ಆ ಖರ್ಜೂರದ ತೋಟಕ್ಕೆ ಹೋಗು. ಮೇವಿಗೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆಂದು ಕೇಳಿಕೊಂಡು, ಆ ಮೇವಿನ ಒಂದು ಹಿಡಿ ಬೀಜ ಅರಿವೆಯಲ್ಲಿ ಕಟ್ಟಿ ಕಳಿಸು.